ಕಿರುಬೆರಳುದ್ದದ ಮ್ಯಾಂಟಿಸ್ ಸೀಗಡಿಯನ್ನು ಹೊಸ ಪ್ರಭೇದವೆಂದು ದಾಖಲಿಸುವ ಬಗೆ

ಕೊಪ್ಪಳದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು ಕಡಲ ಪ್ರಾಣಿಗೆ ಹೆಸರಿಡುವ ಬಗ್ಗೆ ಬರೆಯುತ್ತಾಳೆ ಎಂದರೆ ನಗುವವರು ಇದ್ದೇ ಇರುತ್ತಾರೆ. ನಗಲಿ. ಇಲ್ಲಿಂದ ಗದಗ, ಹುಬ್ಬಳ್ಳಿ ದಾಟಿ, ಯಲ್ಲಾಪುರದ ಕಾಡು ಮುಗಿಸಿ, ಘಟ್ಟ ಇಳಿದು ಅಂಕೋಲಾ ತಲುಪುವಷ್ಟರಲ್ಲಿ ಒಂದು ಹಗಲು ಕಳೆಯುತ್ತದೆ, ನಿಜ. ಆದರೆ ಕಡಲಿನ ಹತ್ತಿರ ಇರಬೇಕಾದವರು ಪ್ರಾಣಿಯನ್ನು ಹಿಡಿಯುವವರು ಮಾತ್ರ. ಹಿಡಿದದ್ದು ಹೊಸ ಪ್ರಭೇದವೇ ಎಂದು ತೀರ್ಮಾನಿಸುವುದಕ್ಕೆ ಬೇಕಾಗುವುದು ಒಂದು ಸ್ಟೀರಿಯೊ ಸೂಕ್ಷ್ಮದರ್ಶಕ, ಎರಡು ಸೂಜಿ, ಗಟ್ಟಿ ಪೆನ್ಸಿಲ್, ಹಳೆಯ ಪ್ರಬಂಧಗಳ ರಾಶಿ ಮತ್ತು ಬೇಸರಪಡದ ಕಣ್ಣು. ಇಷ್ಟೂ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಸಿಗುತ್ತವೆ. ಎಂ.ಎಸ್‌ಸಿ. ಮುಗಿಸಿ ಬಂದು ‘ನಮ್ಮ ಕಡೆ ಸಂಶೋಧನೆಗೆ ಏನಿದೆ ಮೇಡಂ’ ಎಂದು ಕೇಳುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾಣಿಯನ್ನು ನೋಡಿದ ಕೂಡಲೇ ಇದು ಹೊಸದು ಎನ್ನಲು ಯಾರಿಂದಲೂ ಆಗದು. ಅದರ ಹತ್ತಿರದ ಪ್ರಭೇದಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದನ್ನೇ ಕಾರಣ ಕೊಟ್ಟು ಬದಿಗಿಟ್ಟ ಮೇಲೆ ಉಳಿಯುವ ತೀರ್ಮಾನ ಅದು. ಹಾಗಾಗಿ ಈ ಕೆಲಸದ ಮುಕ್ಕಾಲು ಪಾಲು ಹಳೆಯ ಪ್ರಭೇದಗಳ ಓದು. ಹೊಸದರ ಬಗ್ಗೆ ಬರೆಯುವುದು ಕೊನೆಯ ಕಾಲು ಪಾಲು. ಈ ಲೆಕ್ಕಕ್ಕೆ ಒಪ್ಪದವರು ಇಲ್ಲಿಗೇ ನಿಲ್ಲಿಸಬಹುದು.

ಮ್ಯಾಂಟಿಸ್ ಸೀಗಡಿ ನಾವು ತಿನ್ನುವ ಸೀಗಡಿಯ ಗಣಕ್ಕೆ ಸೇರಿದ್ದಲ್ಲ. ಸ್ಟೊಮಾಟೊಪೋಡ ಎಂಬ ಬೇರೆಯೇ ಗಣದ್ದು. ಹೆಸರು ಪಡೆದ ಪ್ರಭೇದಗಳು ಐನೂರರ ಆಸುಪಾಸಿನಲ್ಲಿವೆ. ಜನ ಬಲ್ಲದ್ದು ಅದರ ಹೊಡೆತವನ್ನು. ಒಡೊಂಟೊಡ್ಯಾಕ್ಟೈಲಸ್ ಸಿಲ್ಲಾರಸ್ ಎಂಬ ಬಣ್ಣಬಣ್ಣದ ಪ್ರಭೇದ ತನ್ನ ಬೇಟೆಗಾಲನ್ನು ಸೆಕೆಂಡಿಗೆ 23 ಮೀಟರ್ ವೇಗದವರೆಗೆ ಬೀಸಬಲ್ಲದು ಎಂದು 2004ರಲ್ಲಿ ಅಳೆದು ಪ್ರಕಟಿಸಿದರು. ಆ ವೇಗಕ್ಕೆ ನೀರಿನಲ್ಲಿ ಗುಳ್ಳೆಗಳೆದ್ದು ಒಡೆಯುತ್ತವೆ, ಆ ಒಡೆತವೂ ಬೇಟೆಯನ್ನು ಜಜ್ಜುತ್ತದೆ. ಕಣ್ಣಿನಲ್ಲಿ ಬಣ್ಣಕ್ಕೆಂದೇ 12 ಬಗೆಯ ಗ್ರಾಹಕಗಳಿವೆ. ವಿದ್ಯಾರ್ಥಿಗಳು ಇದನ್ನೆಲ್ಲ ಮೊಬೈಲ್‌ನಲ್ಲಿ ನೋಡಿಕೊಂಡೇ ಬಂದಿರುತ್ತಾರೆ. ಪ್ರಭೇದವನ್ನು ವಿವರಿಸುವಾಗ ಇದರಲ್ಲಿ ಒಂದೂ ಕೈಹಿಡಿಯುವುದಿಲ್ಲ. ನಿಮಗೆ ಬೇಕಾದದ್ದು ಬಾಲದ ಮೇಲೆ ಎಷ್ಟು ಏಣುಗಳಿವೆ ಎಂಬ ಲೆಕ್ಕ.

ಸೀಸೆಗೆ ಹಾಕುವ ಮೊದಲು

ಕಾರವಾರ, ತದಡಿ, ಮಲ್ಪೆ, ಮಂಗಳೂರಿನ ಟ್ರಾಲ್ ದೋಣಿಗಳ ಬಲೆಯಲ್ಲಿ ಮ್ಯಾಂಟಿಸ್ ಸೀಗಡಿ ರಾಶಿಗಟ್ಟಲೆ ಬರುತ್ತದೆ. ಅದರಲ್ಲಿ ಬಹುಪಾಲು ಮಿಯಾಕೆಲ್ಲಾ ನೆಪಾ ಎಂಬ ಒಂದೇ ಪ್ರಭೇದ. ಅದು ಮೀನುಪುಡಿಗೂ ಗೊಬ್ಬರಕ್ಕೂ ಹೋಗುತ್ತದೆ. ನಿಮಗೆ ಬೇಕಾದ ಎರಡು ಮೂರು ಸೆಂಟಿಮೀಟರಿನ ಪ್ರಾಣಿ ಆ ರಾಶಿಯಲ್ಲಿ ಇರುವುದು ಕಡಿಮೆ. ಬಲೆಗೆ ಸಿಕ್ಕಿ ಮೇಲೆ ಬಂದ ಸತ್ತ ಚಿಪ್ಪು, ಸ್ಪಂಜು, ತೂತುಬಿದ್ದ ಕಲ್ಲಿನ ತುಂಡುಗಳೊಳಗೆ ಅದು ಅಡಗಿ ಕುಳಿತಿರುತ್ತದೆ. ದೋಣಿಯವರು ಅದನ್ನು ಕಸವೆಂದು ಮತ್ತೆ ನೀರಿಗೆ ಸುರಿಯುತ್ತಾರೆ. ಬಂದರಿನಲ್ಲಿ ಮೀನು ವಿಂಗಡಿಸುವ ಹೆಂಗಸರ ಬಳಿ ಹೋಗಿ, ‘ಅಕ್ಕಾ, ಕಲ್ಲು-ಚಿಪ್ಪು ಒಂದು ಬುಟ್ಟಿ ತೆಗೆದಿಡಿ’ ಎಂದು ಕೇಳಿಕೊಳ್ಳಿ. ಅವರ ಕಣ್ಣು ನಮ್ಮ ಕಣ್ಣಿಗಿಂತ ಚುರುಕು.

ನೇತ್ರಾಣಿ ದ್ವೀಪಕ್ಕೆ ಹೋಗಿ ಹವಳ ಒಡೆದು ಹುಡುಕುತ್ತೇನೆ ಎನ್ನುವವರಿಗೆ ಒಂದೇ ಉತ್ತರ: ಬೇಡ. ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ. ಅನುಮತಿಯಿಲ್ಲದೆ ಮುರಿದ ಹವಳದೊಳಗೆ ಎಂಥ ಹೊಸ ಪ್ರಾಣಿ ಸಿಕ್ಕಿದರೂ ಅದನ್ನು ಪ್ರಕಟಿಸುವುದೆಂದರೆ ತಪ್ಪೊಪ್ಪಿಗೆಗೆ ಸಹಿ ಹಾಕಿದಂತೆ.

ಸಿಕ್ಕ ಜಾಗವನ್ನು ‘ಕಾರವಾರ ಮಾರುಕಟ್ಟೆ’ ಎಂದು ಬರೆದರೆ ಮುಂದಿನವರಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ದೋಣಿ ನಡೆಸುವ ತಾಂಡೇಲರನ್ನು ಕೇಳಿ. ಬಲೆ ಇಳಿಸಿದ ಮತ್ತು ಎತ್ತಿದ ಎರಡೂ ಸ್ಥಳಗಳ ಅಕ್ಷಾಂಶ-ರೇಖಾಂಶ ಅವರ ಜಿಪಿಎಸ್‌ನಲ್ಲಿ ಇರುತ್ತದೆ. ಆಳ, ತಳ ಕೆಸರೋ ಮರಳೋ, ದಿನಾಂಕ, ಬಲೆಯ ಬಗೆ, ಹಿಡಿದವರ ಹೆಸರು ಎಲ್ಲವನ್ನೂ ಅಲ್ಲೇ ಬರೆದುಕೊಳ್ಳಿ. ಮನೆಗೆ ಬಂದು ಬರೆಯುತ್ತೇನೆ ಎಂದವರ ಟಿಪ್ಪಣಿಗಳನ್ನು ಬೇಕಾದಷ್ಟು ನೋಡಿದ್ದೇನೆ.

ಪ್ರಾಣಿ ಹಸಿಯಾಗಿರುವಾಗಲೇ ಫೋಟೊ ಆಗಬೇಕು. ಸಮುದ್ರದ ನೀರು ತುಂಬಿದ ತಟ್ಟೆ, ಕೆಳಗೆ ಕಪ್ಪು ಬಟ್ಟೆ, ಪಕ್ಕದಲ್ಲಿ ಅಳತೆಪಟ್ಟಿ. ಬೆನ್ನಿನ ನೋಟ, ಬದಿಯ ನೋಟ, ಬಾಲದ ಹತ್ತಿರದ ನೋಟ. ಇವನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಬೇಟೆಗಾಲಿನ ಮೀರಸ್ ಎಂಬ ದಪ್ಪ ಭಾಗದ ಒಳಮೈಯನ್ನು. ಎದುರಾಳಿಯನ್ನು ಹೆದರಿಸಲು ಪ್ರಾಣಿ ಈ ಒಳಮೈಯನ್ನು ತೆರೆದು ತೋರಿಸುತ್ತದೆ. ಅಲ್ಲಿರುವ ಮಚ್ಚೆಯ ಬಣ್ಣ ಎಷ್ಟೋ ಗೊನೊಡ್ಯಾಕ್ಟೈಲಿಡ್ (ಬೇಟೆಯನ್ನು ಗುದ್ದುವ ಒಂದು ಕುಟುಂಬ) ಪ್ರಭೇದಗಳನ್ನು ಬೇರ್ಪಡಿಸುವ ಗುರುತು. ಎಥನಾಲ್‌ಗೆ ಬಿದ್ದ ಮೇಲೆ ಆ ಬಣ್ಣ ಮಾಸಿಹೋಗುತ್ತದೆ, ಉಳಿಯುವುದು ಬಿಳಿಚಿದ ಹಳದಿ ಮೈ.

ಒಂದು ಈಜುಗಾಲನ್ನು ಕತ್ತರಿಸಿ 95 ಶೇಕಡಾ ಅಥವಾ ಅದಕ್ಕಿಂತ ಗಾಢ ಎಥನಾಲ್‌ನ ಸಣ್ಣ ಕೊಳವೆಯಲ್ಲಿ ಡಿಎನ್‌ಎಗಾಗಿ ಇಡಿ. ಉಳಿದ ದೇಹ 70 ಶೇಕಡಾದಲ್ಲಿ ಇರಲಿ. ಫಾರ್ಮಾಲಿನ್ ಬೇಡ, ಅದು ಡಿಎನ್‌ಎಯನ್ನು ಕೆಡಿಸುತ್ತದೆ. ಎಥನಾಲ್ ಅಬಕಾರಿ ನಿಯಮಕ್ಕೆ ಒಳಪಟ್ಟ ವಸ್ತುವಾದ್ದರಿಂದ ಕಾಲೇಜಿನ ಹೆಸರಿನಲ್ಲಿ ಪರವಾನಗಿಗೆ ವರ್ಷದ ಆರಂಭದಲ್ಲೇ ಅರ್ಜಿ ಹಾಕಿಕೊಳ್ಳಿ. ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಅಂಚೆಯಲ್ಲಿ ಕಳುಹಿಸುವಂತೆಯೂ ಇಲ್ಲ.

ನಮ್ಮ ಕಡೆಯ ಬಿಸಿಲಿನ ಬಗ್ಗೆ ಎರಡು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಮುಚ್ಚಳ ಎಷ್ಟು ಬಿಗಿಯಾಗಿದ್ದರೂ ಎಥನಾಲ್ ಆವಿಯಾಗಿ ಮಟ್ಟ ಇಳಿಯುತ್ತದೆ. ಆವಿಯಾಗುವುದು ಎಥನಾಲ್, ಹಿಂದೆ ಉಳಿಯುವುದು ಹೆಚ್ಚು ನೀರು. ಆಗ ಪ್ರಾಣಿ ಮೆತ್ತಗಾಗಿ ಕೊಳೆಯತೊಡಗುತ್ತದೆ. ನಲ್ಲಿ ಕೆಲಸದವರು ಬಳಸುವ ಬಿಳಿ ಟೆಫ್ಲಾನ್ ಟೇಪನ್ನು ಸೀಸೆಯ ಬಾಯಿಯ ತಿರುಪಿಗೆ ಸುತ್ತಿ ಮುಚ್ಚಳ ಹಾಕಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಕೆಲಸಕ್ಕೆ ಬರುತ್ತದೆ. ಹೆಸರುಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೇ ಹಾಕಬೇಕು. ಬಾಲ್‌ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿ, ಚೀಟಿ ಬಿಳಿಯಾಗಿ ಪ್ರಾಣಿ ನೀಲಿಯಾಗುತ್ತದೆ.

ಸಣ್ಣದೋ, ಇನ್ನೂ ಬೆಳೆಯದ್ದೋ

ಸಣ್ಣ ಪ್ರಾಣಿಯ ವಿಷಯದಲ್ಲಿ ಮೊದಲ ಪ್ರಶ್ನೆ ಇದೇ. ಇಪ್ಪತ್ತೈದು ಮಿಲಿಮೀಟರಿನ ಪ್ರಾಣಿ ಸಣ್ಣ ಪ್ರಭೇದದ ದೊಡ್ಡವನಿರಬಹುದು, ದೊಡ್ಡ ಪ್ರಭೇದದ ಮರಿಯೂ ಇರಬಹುದು. ಮರಿಗಳಲ್ಲಿ ಕಣ್ಣು ದೇಹಕ್ಕೆ ಹೋಲಿಸಿದರೆ ದೊಡ್ಡದು, ಬಾಲದ ಏಣುಗಳು ಇನ್ನೂ ಉಬ್ಬಿರುವುದಿಲ್ಲ. ಆದ್ದರಿಂದ ಪರಿಚಿತ ಪ್ರಭೇದದ ಮರಿಯೇ ಹೊಸ ಪ್ರಾಣಿಯಂತೆ ಕಾಣುತ್ತದೆ.

ಹೊಟ್ಟೆಯ ಬದಿ ತಿರುಗಿಸಿ ನೋಡಿ. ಗಂಡಾದರೆ ಕೊನೆಯ ಜೊತೆ ನಡೆಗಾಲುಗಳ ಬುಡದಲ್ಲಿ ತೆಳುವಾದ ಜೋಡಿ ಶಿಶ್ನಗಳು, ಮೊದಲ ಈಜುಗಾಲಿನಲ್ಲಿ ಪೆಟಾಸ್ಮ ಎಂಬ ಕೊಕ್ಕೆಯಂಥ ರಚನೆ. ಅದು ಪೂರ್ತಿ ಬೆಳೆದಿದ್ದರೆ ಪ್ರಾಣಿ ಪ್ರಾಯಕ್ಕೆ ಬಂದಿದೆ. ಹೆಣ್ಣಾದರೆ ಎದೆಯ ಆರನೆಯ ಖಂಡದ ಕೆಳಗೆ ಜನನರಂಧ್ರ. ಮೊಟ್ಟೆಯಿಡುವ ಕಾಲ ಹತ್ತಿರವಾದಾಗ ಎದೆಯ ಕೊನೆಯ ಖಂಡಗಳ ಕೆಳಭಾಗದಲ್ಲಿ ಅಂಟುಗ್ರಂಥಿಗಳು ಬೆಳ್ಳಗೆ ಕಾಣುತ್ತವೆ. ಏಡಿಗಳಂತೆ ಹೊಟ್ಟೆಯಡಿ ಮೊಟ್ಟೆ ಹುಡುಕಬೇಡಿ. ಮ್ಯಾಂಟಿಸ್ ಸೀಗಡಿಯ ತಾಯಿ ಮೊಟ್ಟೆಯ ಮುದ್ದೆಯನ್ನು ಬಾಯಿಯ ಹತ್ತಿರದ ಕಾಲುಗಳಲ್ಲಿ ಹಿಡಿದುಕೊಂಡು ತಿರುಗಿಸುತ್ತಿರುತ್ತಾಳೆ.

ಮರಿ ಮತ್ತು ದೊಡ್ಡವನ ಗೊಂದಲ ಇಂದಿನದಲ್ಲ. 1817ರಲ್ಲಿ ಲೀಚ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ತೇಲಾಡುವ ಗಾಜಿನಂಥ ಪ್ರಾಣಿಯೊಂದಕ್ಕೆ ಆಲಿಮಾ ಹಯಾಲಿನಾ ಎಂದು ಹೆಸರಿಟ್ಟ. ಅದು ಮ್ಯಾಂಟಿಸ್ ಸೀಗಡಿಯ ಮರಿ. ದೊಡ್ಡ ಪ್ರಾಣಿಗೆ ಬೇರೊಬ್ಬರು ಆ ಶತಮಾನದ ಕೊನೆಯಲ್ಲಿ ಸ್ಕ್ವಿಲ್ಲಾ ಆಲ್ಬಾ ಎಂದು ಬೇರೆ ಹೆಸರು ಕೊಟ್ಟಿದ್ದರು. ಎರಡೂ ಒಂದೇ ಎಂದು ಅಮೆರಿಕದ ರೇಮಂಡ್ ಮ್ಯಾನಿಂಗ್ 1962ರಲ್ಲಿ ತೋರಿಸಿದರು. ಗೆದ್ದದ್ದು ಮರಿಯ ಹೆಸರು, ಏಕೆಂದರೆ ಅದು ಮೊದಲಿನದು. ಮೊದಲು ಬಂದ ಹೆಸರಿಗೇ ಮಾನ್ಯತೆ ಎಂಬ ಈ ನಿಯಮದ ಕಾರಣದಿಂದಲೇ ನಾವು ಇನ್ನೂರು ವರ್ಷ ಹಳೆಯ ಬರಹಗಳನ್ನೂ ತೆರೆದು ನೋಡಬೇಕಾಗುತ್ತದೆ.

ಬಾಲದಿಂದ ಶುರುಮಾಡಿ

ಹೊಸಬರು ತಲೆಯಿಂದ ನೋಡಲು ಹೋಗುತ್ತಾರೆ. ನಾನು ಬಾಲಫಲಕದಿಂದ, ಅಂದರೆ ಟೆಲ್ಸನ್‌ನಿಂದ ಶುರುಮಾಡಿಸುತ್ತೇನೆ. ಅದರ ಮೇಲೆ ಹೊಲದ ಬದುಗಳಂತೆ ಎದ್ದ ಏಣುಗಳು, ಅಂಚಿನಲ್ಲಿ ದೊಡ್ಡ ಹಲ್ಲುಗಳು, ಅವುಗಳ ನಡುವೆ ಕಿರುಹಲ್ಲುಗಳು ಇರುತ್ತವೆ. ಅಂಚಿನ ಮಧ್ಯದ ಜೋಡಿ ಉಪಮಧ್ಯ ಹಲ್ಲುಗಳು, ಆಚೀಚೆ ನಡುಹಲ್ಲುಗಳು, ಇನ್ನೂ ಆಚೆಗೆ ಪಾರ್ಶ್ವ ಹಲ್ಲುಗಳು. ಉಪಮಧ್ಯ ಹಲ್ಲಿಗೂ ನಡುಹಲ್ಲಿಗೂ ಮಧ್ಯೆ ಇರುವ ಕಿರುಹಲ್ಲುಗಳನ್ನು ಎಣಿಸಿ. ಎರಡಕ್ಕಿಂತ ಹೆಚ್ಚಿಲ್ಲದಿದ್ದರೆ ಗೊನೊಡ್ಯಾಕ್ಟೈಲಾಯ್ಡಿಯ ಮಹಾಕುಟುಂಬದತ್ತ ನಡೆಯಿರಿ. ನಾಲ್ಕು ಅಥವಾ ಹೆಚ್ಚು ಇದ್ದು ಬಾಲದ ನಡುವೆ ಚೂಪಾದ ಏಣು ಎದ್ದಿದ್ದರೆ ಸ್ಕ್ವಿಲ್ಲಾಯ್ಡಿಯ. ಕಿರುಹಲ್ಲು ಹೆಚ್ಚಿದ್ದು ಆ ನಡು ಏಣು ಇಲ್ಲದೆ, ಮೂರು ಮತ್ತು ನಾಲ್ಕನೆಯ ಮ್ಯಾಕ್ಸಿಲಿಪೆಡ್‌ಗಳ (ಬಾಯಿಯ ಹತ್ತಿರದ ಕಾಲುಗಳ) ಪ್ರೊಪೋಡಸ್, ಅಂದರೆ ತುದಿಯ ಹಿಂದಿನ ಭಾಗ, ಉದ್ದಕ್ಕಿಂತ ಅಗಲವಾಗಿದ್ದರೆ ಲೈಸಿಯೊಸ್ಕ್ವಿಲ್ಲಾಯ್ಡಿಯ. ಬೇರೆ ಮಹಾಕುಟುಂಬಗಳೂ ಇವೆ, ಆದರೆ ದಂಡೆಯ ಹತ್ತಿರದ ಸಣ್ಣ ಪ್ರಾಣಿಗಳನ್ನು ಹುಡುಕುವಾಗ ಈ ಮೂರು ದಾರಿಗಳನ್ನು ಮೊದಲು ನೋಡಿ. ಬಾಲ ಆರನೆಯ ಹೊಟ್ಟೆಖಂಡದೊಂದಿಗೆ ಬೆಸೆದುಕೊಂಡಿದೆಯೇ ಎಂದೂ ನೋಡಿ. ಬೆಸೆದಿದ್ದರೆ ಪ್ರೊಟೊಸ್ಕ್ವಿಲ್ಲಿಡೆ ಕುಟುಂಬ.

ಬಾಲದಲ್ಲೇ ಇಷ್ಟೊಂದು ವಿವರ ಏಕೆ ಎಂದರೆ, ಗೂಡಿಗಾಗಿ ಜಗಳವಾದಾಗ ಈ ಪ್ರಾಣಿಗಳು ಮೈ ಸುರುಳಿಯಾಗಿಸಿ ಬಾಲವನ್ನೇ ಗುರಾಣಿಯಾಗಿ ಮುಂದೊಡ್ಡಿ ಹೊಡೆತ ತಾಳಿಕೊಳ್ಳುತ್ತವೆ. ಗೂಡಿನ ಬಾಗಿಲಿಗೂ ಅದೇ ಕದ.

ಅನಂತರ ಬೇಟೆಗಾಲು. ಅದು ಎರಡನೆಯ ಮ್ಯಾಕ್ಸಿಲಿಪೆಡ್. ತುದಿಯ ಭಾಗವಾದ ಡ್ಯಾಕ್ಟೈಲಸ್‌ನಲ್ಲಿ ಹಲ್ಲುಗಳಿವೆಯೇ, ಎಷ್ಟು? ಬುಡ ಉಬ್ಬಿದೆಯೇ? ಗುದ್ದುವ ಗೊನೊಡ್ಯಾಕ್ಟೈಲಿಡ್‌ಗಳಲ್ಲಿ ಬುಡ ಉಬ್ಬಿರುತ್ತದೆ, ಹಲ್ಲಿರುವುದಿಲ್ಲ. ಚುಚ್ಚುವವುಗಳಲ್ಲಿ ಹಲ್ಲುಗಳ ಸಾಲಿರುತ್ತದೆ. ಎಡಬಲ ಎರಡನ್ನೂ ನೋಡಲೇಬೇಕು. ಕಾಲು ಕಳೆದುಕೊಂಡು ಮತ್ತೆ ಬೆಳೆಸಿಕೊಂಡ ಪ್ರಾಣಿಯಲ್ಲಿ ಹೊಸ ಕಾಲು ಸಣ್ಣದಾಗಿರಬಹುದು, ಹಲ್ಲುಗಳ ಲೆಕ್ಕವೂ ತಪ್ಪಿರಬಹುದು. ಒಂದೇ ಬದಿ ನೋಡಿ ‘ಈ ಪ್ರಭೇದದಲ್ಲಿ ಹಲ್ಲು ಕಡಿಮೆ’ ಎಂದು ಬರೆದುಬಿಟ್ಟರೆ ಮುಗಿಯಿತು.

ತಲೆಯ ತುದಿಯ ರೋಸ್ಟ್ರಲ್ ಫಲಕದ ಆಕಾರ, ಕಾರ್ನಿಯಾ ಗುಂಡೋ ಇಬ್ಭಾಗವೋ, ಕಣ್ಣಿನ ಹಿಂದಿನ ಶಲ್ಕಗಳು, ದವಡೆಯ ಪಾಲ್ಪ್ ಎಂಬ ಸಣ್ಣ ಉಪಾಂಗ ಇದೆಯೋ ಇಲ್ಲವೋ, ಎಷ್ಟು ಮ್ಯಾಕ್ಸಿಲಿಪೆಡ್‌ಗಳಿಗೆ ಎಪಿಪಾಡ್ ಎಂಬ ಬುಡದ ಚಾಚು ಇದೆ, ಎದೆಯ ಐದರಿಂದ ಎಂಟನೆಯ ಖಂಡಗಳ ಬದಿಯ ಚಾಚುಗಳು, ಬಾಲದ ಪಕ್ಕದ ಜೋಡಿ ಕಾಲಾದ ಯೂರೋಪಾಡ್‌ನ ಹೊರ ಅಂಚಿನಲ್ಲಿ ಅಲುಗಾಡುವ ಮುಳ್ಳುಗಳು ಎಷ್ಟು ಎಂಬುದನ್ನೆಲ್ಲ ಬರೆದುಕೊಳ್ಳಿ. ಇವು ಸ್ವಲ್ಪ ನೀರಸ. ಆದರೂ ಬಿಡುವಂತಿಲ್ಲ.

ಎಥನಾಲ್‌ನಲ್ಲಿ ಮುಳುಗಿದ ಬಾಲದ ಏಣುಗಳು ಬೆಳಕಿನ ಪ್ರತಿಫಲನದಲ್ಲಿ ಕಾಣುವುದಿಲ್ಲ. ಹೊರತೆಗೆದು ಟಿಶ್ಯೂ ಕಾಗದದಿಂದ ಒತ್ತಿ, ಮೇಲ್ಮೈ ಒಣಗುವ ಆ ಕ್ಷಣದಲ್ಲಿ ಬೆಳಕನ್ನು ಬದಿಯಿಂದ ಬಿಟ್ಟು ನೋಡಿ. ಪುಸ್ತಕಗಳು ಇದನ್ನು ನಿಧಾನವಾಗಿ ಮಾಡಿ ಎನ್ನುತ್ತವೆ. ಕೊಪ್ಪಳದ ಮಧ್ಯಾಹ್ನದಲ್ಲಿ ನಿಧಾನ ಮಾಡಿದರೆ ಪ್ರಾಣಿ ಚಿಪ್ಪುಸಮೇತ ಸುರುಟಿಕೊಳ್ಳುತ್ತದೆ. ಫ್ಯಾನ್ ಆರಿಸಿ, ಬೆಳಗಿನ ಹೊತ್ತಿನಲ್ಲೇ ಈ ಕೆಲಸ ಮುಗಿಸಿಕೊಳ್ಳುವುದು ಲೇಸು.

ಹಳಬರ ಪಟ್ಟಿ

ಕುಲ (ಜೀನಸ್) ಗೊತ್ತಾದ ಮೇಲೆ ಆ ಕುಲದಲ್ಲಿ ಇಂದು ಮಾನ್ಯವಾಗಿರುವ ಎಲ್ಲ ಪ್ರಭೇದಗಳ ಹೆಸರನ್ನೂ ಕಡಲಜೀವಿಗಳ ಜಾಗತಿಕ ನೋಂದಣಿಯಾದ ವೋರ್ಮ್ಸ್‌ನಿಂದ ತೆಗೆದುಕೊಳ್ಳಿ. ಈಗ ಕೈಬಿಟ್ಟಿರುವ ಹಳೆಯ ಹೆಸರುಗಳನ್ನೂ ಸೇರಿಸಿಕೊಳ್ಳಿ. ಯಾರೋ ಎಂದೋ ಇಟ್ಟು, ಬೇರೊಬ್ಬರು ‘ಇದು ಅದೇ’ ಎಂದು ಮೂಲೆಗೆ ಸರಿಸಿದ ಹೆಸರು ನಿಮ್ಮ ಪ್ರಾಣಿಯದೇ ಆಗಿರಬಹುದು. ಹಾಗಿದ್ದರೆ ಆ ಹೆಸರು ಎದ್ದು ಬರುತ್ತದೆ, ನಿಮ್ಮ ಹೊಸ ಹೆಸರಿಗೆ ಅವಕಾಶವಿಲ್ಲ.

ಉದ್ದುದ್ದ ಹಾಳೆ ಅಂಟಿಸಿ ಕೋಷ್ಟಕ ಮಾಡಿ. ಎಡಬದಿಗೆ ಲಕ್ಷಣಗಳು, ಮೇಲ್ಬದಿಗೆ ಪ್ರಭೇದಗಳು. ಪ್ರತಿ ಮನೆಯನ್ನೂ ಮೂಲ ವಿವರಣೆ ಓದಿ ತುಂಬಬೇಕು, ಯಾರದೋ ಸಾರಾಂಶದಿಂದ ಅಲ್ಲ. ನಮ್ಮ ಕಡಲುಗಳಿಗೆ ಇಂದಿಗೂ ತಪ್ಪಿಸಲಾಗದ ಬರಹ ಸ್ಟ್ಯಾನ್ಲಿ ಕೆಂಪ್ 1913ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ‘ಮೆಮೊಯರ್ಸ್’ ಎಂಬ ಸಂಶೋಧನಾ ಸಂಪುಟದಲ್ಲಿ ಪ್ರಕಟಿಸಿದ ಇಂಡೊ-ಪೆಸಿಫಿಕ್ ಸ್ಟೊಮಾಟೊಪೋಡಗಳ ಪರಿಶೀಲನೆ. ಮುಂದೆ ಅಂಟಾರ್ಕ್ಟಿಕದ ಕಡಲಿಗೆ ಡಿಸ್ಕವರಿ ಹಡಗಿನ ಸಂಶೋಧನಾ ತಂಡವನ್ನು ಕರೆದೊಯ್ದ ಕೆಂಪ್ ಇವರೇ. ಬಯೊಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಇಂಥ ಹಳೆಯ ಸಂಪುಟಗಳು ಉಚಿತವಾಗಿ ಸಿಗುತ್ತವೆ. ಗೊನೊಡ್ಯಾಕ್ಟೈಲೆಲ್ಲಸ್‌ನಂಥ ಸಣ್ಣ ಪ್ರಾಣಿಗಳ ಕುಲವನ್ನು ಸ್ಥಾಪಿಸಿದ ಮ್ಯಾನಿಂಗ್ ಅವರ 1995ರ ವಿಯೆಟ್ನಾಂ ಸಂಪುಟ, ಶೇನ್ ಅಹ್ಯೊಂಗ್ ಅವರ 2001ರ ಆಸ್ಟ್ರೇಲಿಯದ ಪರಿಷ್ಕರಣೆ ಇವೆರಡೂ ಪಕ್ಕದಲ್ಲಿರಲಿ. ಆಸ್ಟ್ರೇಲಿಯದ್ದು ನಮಗೇಕೆ ಎನ್ನಬೇಡಿ. ಈ ಪ್ರಾಣಿಗಳ ಮರಿಗಳು ವಾರಗಟ್ಟಲೆ ತೇಲಿ ದೂರ ದೂರ ಹೋಗುತ್ತವೆ. ಒಂದೇ ಪ್ರಭೇದ ಆಫ್ರಿಕದಿಂದ ಆಸ್ಟ್ರೇಲಿಯದವರೆಗೆ ಹರಡಿರುವುದು ಸಾಮಾನ್ಯ.

ಗುರುತಿಸುವ ಕೀಲಿಗಳನ್ನು ದಾರಿ ತೋರಿಸಲಷ್ಟೇ ಬಳಸಿ. ಕೀಲಿ ಬರೆದವರಿಗೆ ನಿಮ್ಮ ಪ್ರಾಣಿ ಗೊತ್ತಿರಲಿಲ್ಲ. ಅದು ಯಾವುದೋ ಒಂದು ಹೆಸರಿಗೆ ನಿಮ್ಮನ್ನು ತಂದು ನಿಲ್ಲಿಸಿಯೇ ತೀರುತ್ತದೆ. ನಿಂತ ಜಾಗದಲ್ಲಿ ಮೂಲ ವಿವರಣೆ ತೆರೆದು ಹೊಂದಿಕೆಯಾಗದ್ದು ಏನು ಎಂದು ನೋಡಬೇಕು. ಕೊನೆಗೆ ಎರಡೋ ಮೂರೋ ಪ್ರಭೇದಗಳು ಜಿಗಟಾಗಿ ಉಳಿಯುತ್ತವೆ. ಅವುಗಳಿಗೆ ಹೆಸರಿಡಲು ಆಧಾರವಾದ ಮಾದರಿ ನಮೂನೆಗಳು ಇರುವ ಸಂಗ್ರಹಾಲಯಕ್ಕೆ ಬರೆಯಿರಿ. ನೀವು ಹೋಗಲಾಗದಿದ್ದರೆ, ಬಾಲದ ಮತ್ತು ರೋಸ್ಟ್ರಲ್ ಫಲಕದ ಹತ್ತಿರದ ಫೋಟೊ ಕೇಳಿ. ಯಾವ ಕೋನ, ಯಾವ ಅಳತೆ ಎಂದು ಚಿತ್ರ ಬರೆದು ಕಳುಹಿಸಿ. ‘ಫೋಟೊ ಕಳುಹಿಸಿ’ ಎಂದಷ್ಟೇ ಬರೆದರೆ ಸೀಸೆಯ ಫೋಟೊ ಬರುತ್ತದೆ.

ಇಲ್ಲಿ ಕೈಯಲ್ಲಿ ಎಷ್ಟು ಪ್ರಾಣಿಗಳಿವೆ ಎಂಬುದೂ ಮುಖ್ಯವಾಗುತ್ತದೆ. ಒಂದೇ ಪ್ರಾಣಿಯಿಂದ ಪ್ರಭೇದ ಸ್ಥಾಪಿಸಲು ನಿಯಮದ ಅಡ್ಡಿ ಇಲ್ಲ. ಆದರೆ ಏಣುಗಳ ಉಬ್ಬು ವಯಸ್ಸಿನೊಂದಿಗೆ, ಗಂಡು-ಹೆಣ್ಣಿನೊಂದಿಗೆ ಬದಲಾಗುತ್ತದೆ. ನೀವು ಕಂಡ ವ್ಯತ್ಯಾಸ ಪ್ರಭೇದದ್ದೋ ಒಂದು ಪ್ರಾಣಿಯದ್ದೋ ಎಂದು ಒಂದರಿಂದ ಹೇಳಲಾಗದು. ನನ್ನ ಅಭಿಪ್ರಾಯದಲ್ಲಿ, ಎರಡೂ ಲಿಂಗದ ಪ್ರಾಣಿಗಳು ಸಿಗುವವರೆಗೆ ಕಾಯುವುದು ಮೇಲು.

ಅಳತೆ, ಚಿತ್ರ

ಒಟ್ಟು ಉದ್ದವನ್ನು ರೋಸ್ಟ್ರಲ್ ಫಲಕದ ತುದಿಯಿಂದ ಬಾಲದ ಉಪಮಧ್ಯ ಹಲ್ಲುಗಳ ತುದಿಯವರೆಗೆ ಬೆನ್ನಿನ ನಡುಗೆರೆಯಲ್ಲಿ ಅಳೆಯಬೇಕು. ತಲೆ-ಎದೆಯ ಮೇಲಿನ ಚಿಪ್ಪಾದ ಕ್ಯಾರಪೇಸ್‌ನ ಉದ್ದಕ್ಕೆ ರೋಸ್ಟ್ರಲ್ ಫಲಕವನ್ನು ಸೇರಿಸಬಾರದು. ಇದರಿಂದ ಕೆಲವು ಸೂಚ್ಯಂಕಗಳು ಬರುತ್ತವೆ. ಕ್ಯಾರಪೇಸ್ ಉದ್ದವನ್ನು 100ರಿಂದ ಗುಣಿಸಿ ಕಾರ್ನಿಯಾದ ಅಗಲದಿಂದ ಭಾಗಿಸಿದರೆ ಕಾರ್ನಿಯಾ ಸೂಚ್ಯಂಕ. ಐದನೆಯ ಹೊಟ್ಟೆಖಂಡದ ಅಗಲವನ್ನು 100ರಿಂದ ಗುಣಿಸಿ ಕ್ಯಾರಪೇಸ್ ಉದ್ದದಿಂದ ಭಾಗಿಸಿದರೆ ಹೊಟ್ಟೆಯ ಅಗಲದ ಸೂಚ್ಯಂಕ. ಕಣ್ಣು ದೊಡ್ಡದಾದಷ್ಟೂ ಕಾರ್ನಿಯಾ ಸೂಚ್ಯಂಕದ ಸಂಖ್ಯೆ ಚಿಕ್ಕದಾಗುತ್ತದೆ. ಇದನ್ನು ತಲೆಕೆಳಗು ಮಾಡಿ ಬರೆಯುವವರು ಪ್ರತಿ ವರ್ಷವೂ ಸಿಗುತ್ತಾರೆ. ಪ್ರಾಣಿ ಬೆಳೆದಂತೆ ಈ ಸಂಖ್ಯೆಯೂ ಬದಲಾಗುವುದರಿಂದ ಒಂದೇ ಗಾತ್ರದವುಗಳನ್ನು ಮಾತ್ರ ಹೋಲಿಸಿ.

ಫೋಟೊ ಇರುವಾಗ ಚಿತ್ರ ಏಕೆ ಬೇಕು ಎಂದು ಕೇಳುತ್ತಾರೆ. ಫೋಟೊದಲ್ಲಿ ಕೊಳೆ, ನೆರಳು, ಹೊಳಪು ಎಲ್ಲವೂ ಬರುತ್ತದೆ. ಚಿತ್ರದಲ್ಲಿ ನೀವು ನೋಡಿ ಒಪ್ಪಿದ ಗೆರೆ ಮಾತ್ರ ಬರುತ್ತದೆ. ಒಂದು ಏಣು ತುದಿಯವರೆಗೆ ಹೋಗುತ್ತದೋ ನಡುವೆಯೇ ನಿಲ್ಲುತ್ತದೋ ಎಂದು ಗೆರೆ ಎಳೆಯುವ ಕೈ ತೀರ್ಮಾನ ಮಾಡಲೇಬೇಕು. ಆ ಒತ್ತಡಕ್ಕೇ ಕಣ್ಣು ಸರಿಯಾಗಿ ನೋಡತೊಡಗುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಈ ಚಿತ್ರಗಳನ್ನು ಅತ್ಯಂತ ಚೆನ್ನಾಗಿ ಬರೆದವನು ಕಿನ್ನಾಳದ ಹುಡುಗ. ಮನೆಯಲ್ಲಿ ತಲೆಮಾರುಗಳಿಂದ ಮರದ ಗೊಂಬೆಗಳಿಗೆ ಬಣ್ಣ ಹಚ್ಚುವವರು. ಕುಂಚ ಹಿಡಿದ ಕೈಗೆ ಪೆನ್ನು ಭಾರವಾಗಲಿಲ್ಲ. ಅವನಿಗೆ ನಾನು ಕಲಿಸಬೇಕಾದದ್ದು ಒಂದೇ, ಅಂದವಾಗಿ ಕಾಣಲೆಂದು ಎಡವನ್ನು ಬಲದ ಹಾಗೆ ಬರೆಯಬೇಡ ಎಂದು. ಪ್ರಾಣಿಯ ಎಡಬಲಗಳು ಒಂದೇ ಸಮ ಇರುವುದಿಲ್ಲ.

ಸೂಕ್ಷ್ಮದರ್ಶಕಕ್ಕೆ ಕಂಡದ್ದನ್ನು ಕಾಗದದ ಮೇಲೆ ತೋರಿಸುವ ಕ್ಯಾಮೆರಾ ಲೂಸಿಡಾ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಫೋಟೊವನ್ನು ಕೆಳಗಿಟ್ಟು ಅದರ ಮೇಲೆ ಪೆನ್ಸಿಲ್ ಗೆರೆ. ಆಮೇಲೆ ಪ್ರಾಣಿಯನ್ನು ಮತ್ತೆ ಮಸೂರದಡಿ ಇಟ್ಟು ಗೆರೆಗೆರೆಯನ್ನೂ ತಾಳೆ ನೋಡಿ, ಕೊನೆಗೆ 0.1 ಮಿಲಿಮೀಟರ್ ತುದಿಯ ಪೆನ್ನಿನಿಂದ ಶಾಯಿ. ನೆರಳಿಗೆ ಚುಕ್ಕೆಗಳು, ಬೂದು ಬಣ್ಣ ಬೇಡ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲೂ ಮಾಡಬಹುದು. ತಲೆ-ಕ್ಯಾರಪೇಸ್, ಬೇಟೆಗಾಲು, ಎದೆಯ ಖಂಡಗಳ ಬದಿ, ಬಾಲದ ಮೇಲ್ಮೈ, ಯೂರೋಪಾಡ್‌ನ ಕೆಳಮೈ, ಪೆಟಾಸ್ಮ. ಪ್ರತಿ ಚಿತ್ರಕ್ಕೂ ಅಳತೆಗೆರೆ.

ಬರೆಯುವುದು

ವಿವರಣೆಯ ಭಾಷೆಗೆ ಕ್ರಿಯಾಪದ ಬೇಡ. ‘ಬಾಲಫಲಕವು ಬಹಳ ಸುಂದರವಾದ ಏಣುಗಳನ್ನು ಹೊಂದಿದ್ದು ಅಗಲವಾಗಿ ಕಾಣುತ್ತದೆ’ ಎಂದು ಬರೆದ ವಾಕ್ಯದಲ್ಲಿ ಏನೂ ಇಲ್ಲ. ‘ಟೆಲ್ಸನ್: ಅಗಲ ಉದ್ದಕ್ಕಿಂತ ತುಸು ಹೆಚ್ಚು, ನಡು ಏಣು ಸ್ಪಷ್ಟ, ತುದಿಯಲ್ಲಿ ಮುಳ್ಳಿಲ್ಲ, ಉಪಮಧ್ಯ ಕಿರುಹಲ್ಲು ಪ್ರತಿ ಬದಿಗೆ ಇಷ್ಟರಿಂದ ಇಷ್ಟು’ ಎಂದು ಬರೆದರೆ ಜಪಾನಿನವರೂ ತಮ್ಮ ಪ್ರಾಣಿಯೊಂದಿಗೆ ಹೋಲಿಸಬಹುದು. ಪ್ರಕಟಣೆಗೆ ಇಂಗ್ಲಿಷ್ ಬೇಕಾಗುತ್ತದೆ, ಆದರೆ ಮೊದಲ ಕರಡನ್ನು ಕನ್ನಡದಲ್ಲಿ ಬರೆಯಿಸುತ್ತೇನೆ. ಬೇರೆ ಪ್ರಬಂಧದ ವಾಕ್ಯಗಳನ್ನು ಎತ್ತಿ ಅಂಟಿಸುವ ದಾರಿ ಆಗ ಮುಚ್ಚುತ್ತದೆ.

ಕ್ರಮ ಹೀಗಿರಲಿ: ಪರೀಕ್ಷಿಸಿದ ನಮೂನೆಗಳು, ಬೇರ್ಪಡಿಸುವ ಮುಖ್ಯ ಲಕ್ಷಣಗಳು, ಪೂರ್ಣ ವಿವರಣೆ, ಬಣ್ಣ, ಅಳತೆ, ಹೆಸರಿನ ಮೂಲ, ಟಿಪ್ಪಣಿ, ವಾಸಸ್ಥಾನ. ಇದರಲ್ಲಿ ಸಂಶೋಧನಾ ಪತ್ರಿಕೆಯ ತೀರ್ಪುಗಾರರು ಓದುವುದು ಟಿಪ್ಪಣಿಯನ್ನು. ನಿಮ್ಮ ಕೋಷ್ಟಕದಲ್ಲಿ ಕೊನೆಗೆ ಉಳಿದ ಆ ಎರಡು ಮೂರು ಪ್ರಭೇದಗಳಿಂದ ಇದು ಹೇಗೆ ಬೇರೆ ಎಂದು ಅಲ್ಲಿ ಒಂದೊಂದಾಗಿ ಹೇಳಬೇಕು. ನಮೂನೆಗಳಲ್ಲಿ ಎಲ್ಲ ಅಂಗಗಳೂ ಇರುವ, ಪ್ರಾಯದ ಒಂದು ಪ್ರಾಣಿಯನ್ನು ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾಗುವ ನಮೂನೆ, ಎಂದು ಆರಿಸಿ. ಕತ್ತರಿಸಿ ನೋಡಬೇಕಾದದ್ದನ್ನು ಉಳಿದ ನಮೂನೆಗಳಾದ ಪ್ಯಾರಾಟೈಪ್‌ಗಳಲ್ಲಿ ಮಾಡಿ.

ಡಿಎನ್‌ಎ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಸಿಒಐ ಎಂಬ ಜೀನಿನ ಸುಮಾರು 658 ಅಕ್ಷರಗಳ ತುಂಡನ್ನು 1994ರಿಂದ ಬಳಕೆಯಲ್ಲಿರುವ ಫೋಲ್ಮರ್ ಪ್ರೈಮರ್‌ಗಳೆಂಬ ಡಿಎನ್‌ಎ ಚೂರುಗಳ ನೆರವಿನಿಂದ ನಕಲು ಹೆಚ್ಚಿಸಿ, ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಓದಿಸಿ, ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್‌ಎ ಸಂಗ್ರಹಕ್ಕೆ ಸೇರಿಸಿ. ಕಠಿಣಚರ್ಮಿಗಳಲ್ಲಿ ಈ ಜೀನಿನ ಸತ್ತ ನಕಲುಗಳು ಕೋಶಕೇಂದ್ರದಲ್ಲಿ ಇರುತ್ತವೆ, ಆದ್ದರಿಂದ ನಡುವೆ ನಿಲುಗಡೆ ಸಂಕೇತ ಬಂದಿದೆಯೇ ಎಂದು ಪರೀಕ್ಷಿಸಿ. ಇಷ್ಟು ಶೇಕಡಾ ಬೇರೆಯಾದರೆ ಹೊಸ ಪ್ರಭೇದ ಎಂಬ ಗೆರೆ ಎಲ್ಲೂ ಇಲ್ಲ. ಬಾಲ ಒಂದು ಹೇಳಿ ಡಿಎನ್‌ಎ ಇನ್ನೊಂದು ಹೇಳಿದರೆ ಬಾಲವನ್ನು ಮತ್ತೊಮ್ಮೆ ನೋಡಿ.

ಹೆಸರು. ಲ್ಯಾಟಿನ್ ಲಿಪಿಯಲ್ಲಿ ಇರಬೇಕು, ಗುಣವಾಚಕವಾದರೆ ಕುಲದ ಲಿಂಗಕ್ಕೆ ಹೊಂದಬೇಕು. ಸ್ಕ್ವಿಲ್ಲಾ ಎಂದು ಕೊನೆಯಾಗುವ ಕುಲ ಸ್ತ್ರೀಲಿಂಗ, ಹಾಗಾಗಿ ‘ಪಾರ್ವಾ’, ‘ಪಾರ್ವಸ್’ ಅಲ್ಲ. ಹೊಸ ಕುಲವನ್ನೇ ಸ್ಥಾಪಿಸುವ ಧೈರ್ಯವಿದ್ದರೆ ಇಡೀ ಪ್ರಾಣಿಜಗತ್ತಿನಲ್ಲಿ ಆ ಹೆಸರು ಬೇರೆಲ್ಲೂ ಇರಕೂಡದು. ಬಂದರಿನಲ್ಲಿ ರಾಶಿಬೀಳುವ ನಮ್ಮ ಮಿಯಾಕೆಲ್ಲಾ ಮೊದಲು ಮಿಯಾಕಿಯಾ ಆಗಿತ್ತು. ಪತಂಗವೊಂದರ ಕುಲಕ್ಕೆ ಆ ಹೆಸರು ಅದಾಗಲೇ ಇದ್ದುದರಿಂದ 2013ರಲ್ಲಿ ಬದಲಾಯಿತು. ತಮ್ಮ ಹೆಸರನ್ನೇ ಇಟ್ಟುಕೊಳ್ಳುವುದನ್ನು ನಿಯಮ ತಡೆಯುವುದಿಲ್ಲ, ಮರ್ಯಾದೆ ತಡೆಯುತ್ತದೆ. ಊರಿನ ಅಭಿಮಾನದಿಂದ ‘ಕೊಪ್ಪಳೆನ್ಸಿಸ್’ ಎಂದು ಇಡಲು ಕೇಳಿದವರಿದ್ದಾರೆ. ಆ ಪ್ರಾಣಿ ಕೊಪ್ಪಳಕ್ಕೆ ಬಂದದ್ದು ಸತ್ತ ಮೇಲೆ ಎಂದು ನೆನಪಿಸಿದೆ.

ಪ್ರಾಣಿನಾಮಕರಣ ಸಂಹಿತೆಯ ಈಗಿನ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರಂತೆ ಹೊಸ ಹೆಸರು ಎಂದು ಸ್ಪಷ್ಟವಾಗಿ ಬರೆದಿರಬೇಕು, ಹೋಲೋಟೈಪ್ ಯಾವುದು, ಯಾವ ಸಂಗ್ರಹದಲ್ಲಿ ಇರುತ್ತದೆ ಎಂದು ಹೇಳಿರಬೇಕು. ಅಂತರ್ಜಾಲದಲ್ಲಿ ಮಾತ್ರ ಹೊರಬರುವ ಸಂಶೋಧನಾ ಪತ್ರಿಕೆಯಾದರೆ, 2012ರ ತಿದ್ದುಪಡಿಯ ಪ್ರಕಾರ ಪ್ರಾಣಿಹೆಸರುಗಳ ದಾಖಲೆಯಾದ ಜೂಬ್ಯಾಂಕ್‌ನಲ್ಲಿ ನೋಂದಣಿಯಾಗಿ ಆ ಸಂಖ್ಯೆ ಪ್ರಬಂಧದಲ್ಲೇ ಇರಬೇಕು. ಎರಡು ದಿನದಲ್ಲಿ ಒಪ್ಪಿಕೊಂಡು ಹಣ ಕೇಳುವ ಪತ್ರಿಕೆಗಳಿಂದ ದೂರವಿರಿ. ಪುಟಕ್ಕೆ ಶುಲ್ಕ ಕೇಳದೆ ಪ್ರಕಟಿಸುವ ಜೂಟ್ಯಾಕ್ಸದಂಥ ಪತ್ರಿಕೆಗಳಿವೆ.

ಹೋಲೋಟೈಪನ್ನು ಕಾಲೇಜಿನ ಕಪಾಟಿನಲ್ಲಿ ಇಟ್ಟುಕೊಳ್ಳುವ ಆಸೆ ಬೇಡ. 2002ರ ಜೈವಿಕ ವೈವಿಧ್ಯ ಕಾಯ್ದೆಯ 39ನೆಯ ಸೆಕ್ಷನ್ ಪ್ರಕಾರ ಹೊಸದಾಗಿ ಕಂಡ ಜೀವಿಯನ್ನು ನಿಯೋಜಿತ ಭಂಡಾರಕ್ಕೆ ತಿಳಿಸಿ ಅಲ್ಲಿ ನಮೂನೆ ಇಡುವುದು ಕಡ್ಡಾಯ. ಪ್ರಾಣಿಗಳಿಗೆ ಅದು ಕೋಲ್ಕತ್ತದಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಪ್ರಾಣಿ ಸರ್ವೇಕ್ಷಣೆ. ನೋಂದಣಿ ಸಂಖ್ಯೆ ಪ್ರಬಂಧದಲ್ಲಿ ಅಚ್ಚಾಗಬೇಕಾದ್ದರಿಂದ ಪ್ರಕಟಣೆಗೆ ಮೊದಲೇ ಕೇಳಿ ಪಡೆಯಿರಿ.

ಇಷ್ಟಾದ ಮೇಲೆ ಸುದ್ದಿಪತ್ರಿಕೆಯವರು ಬರುತ್ತಾರೆ. ಹೆಸರನ್ನು ಬಾಯಲ್ಲಿ ಹೇಳದೆ ಕನ್ನಡದಲ್ಲಿಯೂ ಲ್ಯಾಟಿನ್ ಲಿಪಿಯಲ್ಲಿಯೂ ಚೀಟಿಯಲ್ಲಿ ಬರೆದುಕೊಡಿ. ನಿಮ್ಮ ಪ್ರಾಣಿಯ ಫೋಟೊವನ್ನು ಅಳತೆಪಟ್ಟಿಯ ಸಮೇತ ಅವರು ಕೇಳುವ ಮೊದಲೇ ಕಳುಹಿಸಿಬಿಡಿ. ಇಲ್ಲದಿದ್ದರೆ ಮರುದಿನ ನಿಮ್ಮ ಬಿಳಿಚಿದ ಸಣ್ಣ ಪ್ರಾಣಿಯ ಸುದ್ದಿಯ ಪಕ್ಕದಲ್ಲಿ ಅಂತರ್ಜಾಲದಿಂದ ತೆಗೆದ, ನವಿಲಿನ ಬಣ್ಣದ ಒಡೊಂಟೊಡ್ಯಾಕ್ಟೈಲಸ್ ಸಿಲ್ಲಾರಸ್ ಅಚ್ಚಾಗಿರುತ್ತದೆ. ಅದಕ್ಕೆ ಲಿನ್ನೇಯಸ್ 1758ರಲ್ಲೇ ಹೆಸರಿಟ್ಟಾಗಿದೆ.